ಅರ್ಧಚಂದ್ರ ಪ್ರಯೋಗ

ಬೆಂಗಳೂರಿನ ಹೊರವರ್ತುಲ ರಸ್ತೆಯ ಆಸುಪಾಸಿನ ಕಚೇರಿಗಳಲ್ಲಿ ಈಗ ನೆಟ್ಟಗಿನ ಸೋಫಾ ಕಾಣುವುದು ಅಪರೂಪ. ಗೋಡೆಗೆ ಒತ್ತಿ ಇಟ್ಟಿರುತ್ತಿದ್ದ ಮೂರು ಸೀಟಿನ ಕರಿ ರೆಕ್ಸಿನ್ ಸೋಫಾಕ್ಕೆ ತನ್ನದೇ ಆದ ಶಿಷ್ಟಾಚಾರವಿತ್ತು. ಮೊದಲು ಬಂದವರಿಗೆ ಒಂದು ತುದಿ, ಎರಡನೆಯವರಿಗೆ ಇನ್ನೊಂದು ತುದಿ, ನಡುವಿನ ಸೀಟು ಬ್ಯಾಗುಗಳಿಗೆ. ಮೂರನೆಯವರು ಗೋಡೆಯ ಮೇಲಿನ ಸರ್ಟಿಫಿಕೇಟುಗಳನ್ನು ಓದುತ್ತಾ ನಿಂತಿರುತ್ತಿದ್ದರು. ಈಗ ಬಂದಿರುವ ಬಳುಕು ಸೋಫಾದಲ್ಲಿ ತುದಿ ಯಾವುದೆಂದೇ ತಿಳಿಯುವುದಿಲ್ಲ. ಮಗನ ಇಂಟರ್ವ್ಯೂಗೆಂದು ಹಾವೇರಿ ಕಡೆಯಿಂದ ಬಂದಿದ್ದ ಹಿರಿಯರೊಬ್ಬರು ಅದಕ್ಕೆ ಅರ್ಧ ಪ್ರದಕ್ಷಿಣೆ ಹಾಕಿ, "ಇದ್ರಾಗ ಮುಖ ಯಾ ಕಡೆ ಮಾಡಿ ಕುಂದ್ರಬೇಕ್ರಿ?" ಎಂದು ಸೆಕ್ಯೂರಿಟಿಯವನನ್ನು ಕೇಳಿದರು. ಅವನು ಕೈ ತೋರಿಸಿದ್ದು ಎರಡೂ ಕಡೆಗೆ.

ಹಿರಿಯರ ಪ್ರಶ್ನೆ ಸಣ್ಣದಲ್ಲ. 1950ರ ದಶಕದಲ್ಲಿ ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ಆಸ್ಪತ್ರೆಯಲ್ಲಿದ್ದ ಹಂಫ್ರಿ ಆಸ್ಮಂಡ್ ಎಂಬ ಮನೋವೈದ್ಯ ಹೆಚ್ಚುಕಮ್ಮಿ ಇದನ್ನೇ ಕೇಳಿಕೊಂಡು ಕೂತಿದ್ದ. 1953ರಲ್ಲಿ ಲೇಖಕ ಆಲ್ಡಸ್ ಹಕ್ಸ್ಲಿಗೆ ಮೆಸ್ಕಲಿನ್ ಎಂಬ ಭ್ರಮೆ ಹುಟ್ಟಿಸುವ ಮದ್ದು ಕುಡಿಸಿದ ಪುಣ್ಯಾತ್ಮನೂ ಈತನೇ. ಅಂಥವನಿಗೆ ಕುರ್ಚಿಗಳ ಉಸಾಬರಿ ಏಕೆ ಬೇಕಿತ್ತೋ! ಅವನ ಆಸ್ಪತ್ರೆಯ ವೃದ್ಧೆಯರ ವಾರ್ಡು ಹೊಸದು, ಬಣ್ಣ ಹೊಸದು, ಕುರ್ಚಿಗಳೂ ಹೊಸವು. ಆದರೆ ಅಜ್ಜಿಯರು ತುಟಿ ಬಿಚ್ಚುತ್ತಿರಲಿಲ್ಲ. ಕಾರಣ ಹುಡುಕಲು ಆಸ್ಮಂಡ್ ರಾಬರ್ಟ್ ಸಾಮರ್ ಎಂಬ ಮನಃಶಾಸ್ತ್ರಜ್ಞನನ್ನು ಬಿಟ್ಟ. ಕುರ್ಚಿಗಳೆಲ್ಲ ಗೋಡೆಯುದ್ದಕ್ಕೂ ಸಾಲಾಗಿ ನಿಂತಿದ್ದವು. ಅವನ್ನು ಎಳೆದು ಚೌಕ ಮೇಜುಗಳ ಸುತ್ತ ಹಾಕಿದಾಗ ಅಜ್ಜಿಯರು ಮೊದಮೊದಲು ಸಿಡಿಮಿಡಿಗೊಂಡರು. ಕೆಲವು ವಾರ ಕಳೆಯುವಷ್ಟರಲ್ಲಿ ಮಾತು ಎರಡರಷ್ಟಾಗಿತ್ತು, ಓದು ಮೂರರಷ್ಟು. ಊಟದ ಮನೆಯಲ್ಲೂ ಸಾಮರ್ ಲೆಕ್ಕ ಹಾಕಿದ. ಮೇಜಿನ ಮೂಲೆಯ ಎರಡು ಬದಿಗೆ ಕೂತವರ ನಡುವಿನ ಮಾತುಕತೆ, ಅಕ್ಕಪಕ್ಕ ಕೂತವರದಕ್ಕಿಂತ ಎರಡು ಪಟ್ಟು. ಅಕ್ಕಪಕ್ಕದವರದು, ಎದುರುಬದುರಿನವರದಕ್ಕಿಂತ ಮೂರು ಪಟ್ಟು. ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ 1966ರ ತನ್ನ ಪುಸ್ತಕದಲ್ಲಿ ಇದನ್ನೆಲ್ಲ ಬರೆದಿಟ್ಟಿದ್ದಾನೆ.

ಬಾಗಿದ ಸೋಫಾ ಮಾಡುವುದೂ ಇಷ್ಟೇ: ಜನರನ್ನು ಮೂಲೆಯಿಲ್ಲದ ಕಡೆ ಮೂಲೆಗೆ ಕೂರಿಸುತ್ತದೆ. ಪಕ್ಕದವರ ಮುಖ ಕತ್ತು ತಿರುಗಿಸದೆ ಕಾಣುತ್ತದೆ, ದಿಟ್ಟಿಸಿ ನೋಡುವ ಮುಜುಗರವೂ ಇಲ್ಲ. ಆದರೆ ಇದು ಒಳಬಾಗಿನಲ್ಲಿ ಕೂತರೆ ಮಾತ್ರ. ಹೊರಬಾಗಿನಲ್ಲಿ ಕೂತವರ ಮುಖಗಳು ಒಂದೊಂದು ದಿಕ್ಕಿಗೆ. ಹಾಗಾಗಿ ಸಹೋದ್ಯೋಗಿಗಳು ಕಾಫಿ ಹಿಡಿದು ಮ್ಯಾನೇಜರರ ಗುಣಗಾನ ಮಾಡುವ ಬ್ರೇಕೌಟ್ ಜಾಗಕ್ಕೆ ಒಳಬಾಗು, ಒಂದೇ ಟೆಂಡರಿಗೆ ಬಂದ ಇಬ್ಬರು ಸ್ಪರ್ಧಿಗಳು ಕಾಯುವ ರಿಸೆಪ್ಷನ್ನಿಗೆ ಹೊರಬಾಗು. ನಮ್ಮ ಕಚೇರಿಗಳು ಇದನ್ನು ಸರಿಯಾಗಿ ತಿರುವುಮುರುವು ಮಾಡಿವೆ. ಅಪರಿಚಿತರನ್ನು ಅರ್ಧಚಂದ್ರದೊಳಗೆ ಕೂರಿಸಿ ಪರಸ್ಪರರ ಷೂ ನೋಡುವಂತೆ ಮಾಡುತ್ತವೆ, ಹರಟಬೇಕಾದವರನ್ನು ದ್ವೀಪದಂಥ ಸೋಫಾದ ಸುತ್ತ ಬೆನ್ನಿಗೆ ಬೆನ್ನು ಕೊಟ್ಟು ಕೂರಿಸುತ್ತವೆ.

ಹಾಗಾದರೆ ಅರಳಿಕಟ್ಟೆಯ ಗತಿಯೇನು ಎಂದು ಯಾರಾದರೂ ಕೇಳಿಯಾರು. ಮರದ ಸುತ್ತ ಕಟ್ಟಿದ ಕಟ್ಟೆಯಲ್ಲಿ ಎಲ್ಲರ ಮುಖವೂ ಹೊರಕ್ಕೇ, ಆದರೂ ಊರಿನ ಅಷ್ಟೂ ಸುದ್ದಿ ಹುಟ್ಟುವುದು ಅಲ್ಲಿಯೇ. ಗುಟ್ಟಿರುವುದು ಕಟ್ಟೆಯ ಅಗಲದಲ್ಲಿ. ಅಲ್ಲಿ ಯಾರೂ ಕಾಲು ಇಳಿಬಿಟ್ಟು ಸುಮ್ಮನೆ ಕೂರುವುದಿಲ್ಲ. ಒಂದು ಕಾಲು ಮಡಿಚಿ, ಒಂದು ಕೈ ಊರಿ, ಅರೆವಾಸಿ ತಿರುಗಿ ಕೂರುತ್ತಾರೆ. ಅಂದರೆ ಸಾಮರನ ಮೂಲೆಯನ್ನು ತಾವೇ ಮಾಡಿಕೊಳ್ಳುತ್ತಾರೆ. ಎಲೆಯಡಿಕೆ ಉಗಿಯುವುದಕ್ಕೆ ಹೊರಮುಖವೇ ಅನುಕೂಲ, ಆ ಮಾತು ಬೇರೆ. ಕಚೇರಿಯ ಸೋಫಾದ ಮೇಲೆ ಷೂ ಸಮೇತ ಚಕ್ಕಳಮಕ್ಕಳ ಹಾಕಿದರೆ ರಿಸೆಪ್ಷನಿಸ್ಟ್ ಮೇಡಂ ಕಣ್ಣಿನಲ್ಲೇ ಅರ್ಧಚಂದ್ರ ಪ್ರಯೋಗ ಮಾಡುತ್ತಾರೆ.

ಈ ಬಳುಕಿನ ಒಂದು ಕಥೆ ಶುರುವಾಗುವುದು ಸಂದರ್ಶಕರಿಂದಲ್ಲ, ಗೋಡೆಗಳಿಂದ. ನ್ಯೂಯಾರ್ಕಿನ ವಿನ್ಯಾಸಕ ವ್ಲಾದಿಮಿರ್ ಕೇಗನ್ 1950ರ ಸುಮಾರಿಗೆ ಸರ್ಪೆಂಟೈನ್ ಸೋಫಾ ಮಾಡಿದಾಗ, ಅವನ ಗಿರಾಕಿಗಳ ಗೋಡೆಗಳ ತುಂಬ ದೊಡ್ಡ ದೊಡ್ಡ ಚಿತ್ರಗಳಿದ್ದವು. ಹಾಗಾಗಿ ಸೋಫಾ ಕೋಣೆಯ ನಡುವಿಗೆ ಬಂತು. 1972ರಲ್ಲಿ ಸ್ವಿಟ್ಜರ್ಲೆಂಡಿನ ಡೆ ಸೆಡೆ ಕಂಪನಿ ಬಳುಕು ಸೋಫಾವನ್ನು ತುಂಡುತುಂಡು ಮಾಡಿ, ತುಂಡಿಗೆ ತುಂಡು ಜಿಪ್ ಹಾಕಿ ಎಷ್ಟುದ್ದ ಬೇಕೋ ಅಷ್ಟುದ್ದ ಬೆಳೆಸಿಕೊಳ್ಳಿ ಎಂದಿತು. ನಮ್ಮ ರಿಸೆಪ್ಷನ್ನಿನ ಗೋಡೆಯ ಮೇಲೆ ಚಿತ್ರಗಳ ಬದಲು ಇರುವುದು ಕಂಪನಿಯ ಧ್ಯೇಯವಾಕ್ಯ. ಅದಕ್ಕೆ ಬೆನ್ನು ಹಾಕಿ ಕೂತರೂ ನಷ್ಟವಿಲ್ಲ.

ಕೊಳ್ಳುವಾಗ ಟೇಪು ಹಿಡಿಯಬೇಕಾದದ್ದು ಮೊಣಕಾಲಿನ ಕಡೆ. ಕಾಲುವೃತ್ತದ ಒಂದು ಸೋಫಾದ ಮುಂದಿನ ಅಂಚು ವೃತ್ತದ ಕೇಂದ್ರದಿಂದ ಒಂದು ಮೀಟರು ದೂರದಲ್ಲಿದ್ದು, ಸೋಫಾದ ಆಳ 90 ಸೆಂಟಿಮೀಟರು ಎನ್ನಿ. ಬೆನ್ನಿನ ಉದ್ದ ಸುಮಾರು ಮೂರು ಮೀಟರು, ಮುಂದಿನ ಅಂಚಿನದು ಅದರ ಅರ್ಧ. ತಲೆಗೆ 60 ಸೆಂಟಿಮೀಟರಿನ ಲೆಕ್ಕದಲ್ಲಿ ಮಾರುವವರು ಬೆನ್ನಿನ ಕಡೆ ಅಳೆದು ಐದು ಜನ ಎನ್ನುತ್ತಾರೆ. ಮೊಣಕಾಲುಗಳು ಎರಡೂವರೆ ಎನ್ನುತ್ತವೆ. ಹಾವೇರಿಯ ಹಿರಿಯರಂಥವರು ಕೈಯೂರದೆ ಏಳಬೇಕಾದರೆ ಸೀಟು 45 ಸೆಂಟಿಮೀಟರಾದರೂ ಎತ್ತರವಿರಬೇಕು, ಫೋಟೋದಲ್ಲಿ ತಗ್ಗು ಸೋಫಾ ಎಷ್ಟೇ ಚಂದ ಕಂಡರೂ. ಕೋಣೆಯ ನಡುವಿಗೆ ಬಂದ ಸೋಫಾಕ್ಕೆ ನೆಲದಲ್ಲಿ ಪ್ಲಗ್ ಪಾಯಿಂಟ್ ಇಲ್ಲದಿದ್ದರೆ ಎಲ್ಲರೂ ಚಾರ್ಜರ್ ಹಿಡಿದು ಗೋಡೆಯ ಬುಡ ಸೇರುತ್ತಾರೆ, ನೆಲದ ಮೇಲೆ. ಇನ್ನು ಎಚ್ಚಾರಿನವರಿಗೆ ಬಾಗಿದ ಸೋಫಾದ ಮೇಲೆ ಯಾಕಿಷ್ಟು ಪ್ರೀತಿ ಎಂಬುದು ಊಟದ ನಂತರ ಅದರ ಮೇಲೆ ಮೈಚಾಚಲು ನೋಡಿದವರಿಗೆಲ್ಲ ಗೊತ್ತು.

ಬೇಕಾದಾಗ ತುಂಡುಗಳನ್ನು ತಿರುಗಿಸಿ ಜೋಡಿಸಬಹುದೆಂಬುದೇ ಈ ಸೋಫಾದ ದೊಡ್ಡ ಗುಣ. ಆದರೆ ಅಡಿಯ ಕ್ಲಿಪ್ಪುಗಳನ್ನು ಬಿಚ್ಚಲು ಯಾರಿಗೂ ಪುರುಸೊತ್ತಿಲ್ಲ, ತುಂಡುಗಳು ನಿಧಾನವಾಗಿ ಅಗಲಿ ಆ ಸಂದುಗಳಲ್ಲಿ ಪೆನ್ನು, ವಿಸಿಟಿಂಗ್ ಕಾರ್ಡು, ಯಾರದೋ ಐಡಿ ಟ್ಯಾಗು ಸೇರುತ್ತವೆ. ಆರ್ಡರ್ ಕೊಡುವ ದಿನವೇ ಅದೇ ಥಾನಿನ ಬಟ್ಟೆ ನಾಲ್ಕಾರು ಮೀಟರು ಹೆಚ್ಚಿಗೆ ತೆಗೆದಿಡುವುದು ಲೇಸು. ಇಲ್ಲದಿದ್ದರೆ ಕಾಫಿ ಚೆಲ್ಲಿದ ಒಂದು ತುಂಡಿಗೆ ಮುಂದಿನ ವರ್ಷ ಹೊಸ ಹೊದಿಕೆ ಹಾಕಿಸಿದಾಗ, ಸೋಫಾ ತುಂಡುತುಂಡಾಗಿದೆಯೆಂದು ಲಿಫ್ಟಿನ ಬಾಗಿಲಿನಿಂದಲೇ ಕಾಣುತ್ತದೆ.