ನಳ ಐತಿ, ದಮಯಂತಿ ಎಲ್ಲಿ?

(ಹೊಸಪೇಟೆಯ ಹಳೇ ಮನೆ. ಪ್ಲಂಬರ್ ಪಾನಾ ಹಾಕಿದ್ದೇ ತಡ, ಜಿ.ಐ. ಪೈಪು ತುಕ್ಕಿನ ಪುಡಿಯಾಗಿ ಅಂಗೈಗೆ ಉದುರಿತು.)

ಪ್ಲಂಬರ್: ಎಲ್ಲಾ ಕಿತ್ತು ಸಿ.ಪಿ.ವಿ.ಸಿ. ಹಾಕಾಣ, ಅಮ್ಮಾರೆ. ಗ್ಯಾರಂಟಿ ಐತಿ.

ಅಜ್ಜಿ: ಪೈಪಿಗೋ, ನೀರಿಗೋ?

ಪ್ಲಂಬರ್: ನೀರು ನನ್ನ ಕೈಯಾಗಿಲ್ಲ. ಮೂರು ಬಾತ್‌ರೂಮು, ಶವರ್ರು, ಒಟ್ಟು ಹದಿನಾಲ್ಕು ನಳ.

ಅಜ್ಜಿ: ಹದಿನಾಲ್ಕು ನಳಮಹಾರಾಜರು! ದಮಯಂತಿ ಒಬ್ಬಾಕಿ, ಅದೂ ನಡುರಾತ್ರಿ ಬಂದು ಹೋಗಾಕಿ.

ಪ್ಲಂಬರ್: ಡ್ಯಾಮ್ ಮಗ್ಗಲದಾಗೇ ಅದೀರಲ್ಲ!

ಅಜ್ಜಿ: ಹೂಂ. 2024ರಾಗ 19ನೇ ಗೇಟು ಕೊಚ್ಚಿ ಹೋತಲ್ಲ, ಆಗೂ ನೀರಿಗೆ ನಮ್ಮ ಮನಿ ವಿಳಾಸ ಸಿಗಲಿಲ್ಲ. ಹಂಪ್ಯಾಗ ಪುಷ್ಕರಣಿಗೆ ಕಲ್ಲಿನ ಕಾಲುವೆ ಹಾಕಿದನಲ್ಲ, ಅವನ ನಂಬರ್ ಐತೇನು?

ಪ್ಲಂಬರ್: ಅದ್ರಾಗೂ ನೀರು ಬರಲ್ಲ, ಅಮ್ಮಾರೆ.

ಅಜ್ಜಿ: ಆದ್ರೂ ಫಾರಿನ್ನಿಂದ ನೋಡಾಕ ಬರ್ತಾರಲ್ಲೋ! ಪೈಪು ಬ್ಯಾಡ, ಪುರಾತತ್ವ ಇಲಾಖೆದೊಂದು ನೀಲಿ ಬೋರ್ಡು ಹೊಡಿ.