ಸೈನ್‌ಅಪ್ ಬೋನಸ್ ಮಹಾಶಯರಿಗೆ ಬಿನ್ನವತ್ತಳೆ

ಅಮೆರಿಕ ಸಂಯುಕ್ತ ಸಂಸ್ಥಾನದ ಸಮಸ್ತ ಬ್ಯಾಂಕುಗಳ ಮುದ್ದಿನ ಕುವರರೂ, ವಿಮಾನ ಕಂಪನಿಗಳ ಬೊಕ್ಕಸದ ಭಂಡಾರಿಗಳೂ, ಮನೆಮನೆಯ ಅಂಚೆಪೆಟ್ಟಿಗೆಯಲ್ಲಿ ವಾರಕ್ಕೊಮ್ಮೆಯಾದರೂ ದರ್ಶನ ಕೊಡುವ ಕರುಣಾಳುಗಳೂ ಆದ ಶ್ರೀ ಸೈನ್‌ಅಪ್ ಬೋನಸ್ ಮಹಾಶಯರ ಸನ್ನಿಧಾನಕ್ಕೆ, ಮೈಲಿ ಸಂಗ್ರಾಹಕ ಕುಟುಂಬಗಳು ಸಾರ್ವಜನಿಕರ ಸಮಕ್ಷಮದಲ್ಲಿ ಅರ್ಪಿಸುತ್ತಿರುವ ಬಹಿರಂಗ ಪತ್ರ.

ಮಹಾಶಯರ ಮಹಿಮೆಯನ್ನು ಇನ್ನೂ ಅರಿಯದ ಓದುಗರಿಗಾಗಿ ಮೊದಲು ಅವರ ಪರಿಚಯವನ್ನು ಹೇಳುವುದು ಉಚಿತ. ಹೊಸದಾಗಿ ಕ್ರೆಡಿಟ್ ಕಾರ್ಡ್ ಪಡೆದವರು ಬ್ಯಾಂಕು ಗೊತ್ತುಪಡಿಸಿದ ಮೊತ್ತವನ್ನು ಸಾಮಾನ್ಯವಾಗಿ ಮೊದಲ ಮೂರು ತಿಂಗಳೊಳಗೆ ಆ ಕಾರ್ಡಿನಿಂದಲೇ ಖರ್ಚು ಮಾಡಿದರೆ, ಅವರ ಖಾತೆಗೆ ಒಂದೇ ಏಟಿಗೆ ಬಂದು ಬೀಳುವ 50,000, 70,000, ಗ್ರಹಗತಿ ಚೆನ್ನಾಗಿದ್ದರೆ 1 ಲಕ್ಷ ಮೈಲಿಗಳ ರಾಶಿಗೆ ಸೈನ್‌ಅಪ್ ಬೋನಸ್ ಎಂದು ಹೆಸರು. ಹಾಗೆ ಗೊತ್ತುಪಡಿಸಿದ ಮೊತ್ತವೇ ಕನಿಷ್ಠ ಖರ್ಚು. ಇಕ್ಕಟ್ಟಾದ ಸೀಟಿನಲ್ಲಿ ಕುಳಿತು, ಮೊಣಕಾಲು ಮರಗಟ್ಟಿಸಿಕೊಂಡು, ಸಮುದ್ರಗಳನ್ನು ದಾಟಿ ವರ್ಷಗಟ್ಟಲೆ ಕೂಡಿಹಾಕಬೇಕಾಗಿದ್ದ ಮೈಲಿಗಳು ಮಹಾಶಯರ ದಯೆಯಿಂದ ದಿನಸಿಯ ಬಿಲ್ಲು, ಕಾರಿನ ವಿಮೆ, ಮಗಳ ಹಲ್ಲಿಗೆ ಹಾಕಿಸಿದ ತಂತಿಯ ಕಂತು, ಇವುಗಳ ಮೂಲಕವೇ ಕೈಸೇರುತ್ತವೆ.

ಮಹಾಶಯರ ವಂಶಾವಳಿ ಬಹಳ ಹಳೆಯದೇನಲ್ಲ. ಅಮೆರಿಕನ್ ಏರ್‌ಲೈನ್ಸ್ 1981ರ ಮೇ 1ರಂದು ತನ್ನ ನಿತ್ಯ ಪ್ರಯಾಣಿಕರಿಗೆ ಹಾರಿದ ದೂರವನ್ನೇ ಲೆಕ್ಕವಿಟ್ಟು ಉಚಿತ ಟಿಕೆಟ್ ಕೊಡುವ ಯೋಜನೆಯನ್ನು ಆರಂಭಿಸಿತು. ಕೆಲವೇ ದಿನಗಳಲ್ಲಿ ಯುನೈಟೆಡ್ ಅದರ ಬೆನ್ನುಹತ್ತಿತು. 1987ರಲ್ಲಿ ಸಿಟಿಬ್ಯಾಂಕ್ ಅಮೆರಿಕನ್ ಏರ್‌ಲೈನ್ಸ್ ಜೊತೆ ಸೇರಿ ಕಾರ್ಡೊಂದನ್ನು ಹೊರತಂದ ಮೇಲೆ ಮೈಲಿ ಗಳಿಸಲು ಮನೆಯ ಹೊಸ್ತಿಲು ದಾಟಬೇಕೆಂಬ ಕಟ್ಟುಪಾಡು ಸಡಿಲಾಯಿತು. ಕೊನೆಗೆ 2015ರಲ್ಲಿ ಡೆಲ್ಟಾ ಮತ್ತು ಯುನೈಟೆಡ್ ಎರಡೂ ವಿಮಾನದೊಳಗೆ ಕುಳಿತವರಿಗೂ ದೂರದ ಬದಲು ಟಿಕೆಟ್ಟಿಗೆ ತೆತ್ತ ಡಾಲರಿನ ಮೇಲೆಯೇ ಮೈಲಿ ಕೊಡತೊಡಗಿ, ಆಕಾಶದಲ್ಲಿದ್ದವನನ್ನೂ ಅಂಗಡಿಯ ಸಾಲಿನಲ್ಲಿ ನಿಂತವನನ್ನೂ ಸರಿಸಮಾನವಾಗಿ ಕಂಡವು. ಇಂಥ ಸಮದರ್ಶಿತ್ವವನ್ನು ವೇದಾಂತಿಗಳು ಬಹುಕಾಲ ಬೋಧಿಸಿದ್ದರೂ ಆಚರಣೆಗೆ ತಂದ ಕೀರ್ತಿ ಲೆಕ್ಕಪತ್ರ ವಿಭಾಗಕ್ಕೆ ಸಲ್ಲುತ್ತದೆ.

ಮಹಾಶಯರ ಲೀಲೆಗಳಲ್ಲಿ 2016ರ ಆಗಸ್ಟಿನದು ಅಗ್ರಗಣ್ಯವಾದುದು. ಚೇಸ್ ಬ್ಯಾಂಕ್ ಆ ತಿಂಗಳು ಹೊರತಂದ ಸಫೈರ್ ರಿಸರ್ವ್ ಎಂಬ ಕಾರ್ಡಿಗೆ ವರ್ಷಕ್ಕೆ 450 ಡಾಲರ್ ಶುಲ್ಕವಿದ್ದರೂ, ಮೂರು ತಿಂಗಳಲ್ಲಿ 4,000 ಡಾಲರ್ ಖರ್ಚು ಮಾಡಿದವರಿಗೆ 1 ಲಕ್ಷ ಪಾಯಿಂಟು ದೊರೆಯುತ್ತಿತ್ತು. ಪಾಯಿಂಟನ್ನು ಹಲವು ವಿಮಾನ ಕಂಪನಿಗಳ ಮೈಲಿಯಾಗಿ ಒಂದಕ್ಕೊಂದರಂತೆ ಬದಲಾಯಿಸಿಕೊಳ್ಳಲೂ ಅವಕಾಶವಿತ್ತು. ಭಕ್ತರ ನೂಕುನುಗ್ಗಲಿಗೆ ಕಾರ್ಡು ತಯಾರಿಸುವ ಲೋಹವೇ ಸಾಲದೆ ಬಂದು, ಕೆಲವರು ತಾತ್ಕಾಲಿಕವಾಗಿ ಪ್ಲಾಸ್ಟಿಕ್ ಕಾರ್ಡಿನಲ್ಲಿಯೇ ತೃಪ್ತಿಪಡಬೇಕಾಯಿತು. ಇದರಿಂದ ಆ ವರ್ಷದ ಕೊನೆಯ ತ್ರೈಮಾಸಿಕದ ಲಾಭ 20 ಕೋಟಿಯಿಂದ 30 ಕೋಟಿ ಡಾಲರಿನಷ್ಟು ಕುಗ್ಗಲಿದೆಯೆಂದು ಬ್ಯಾಂಕಿನ ಮುಖ್ಯಸ್ಥರು ಹೇಳಿದಾಗ, ಬ್ಯಾಂಕನ್ನು ಸೋಲಿಸಿಬಿಟ್ಟೆವೆಂದು ಸಂಗ್ರಾಹಕರು ಬೀಗಿದರು. ಮುಖ್ಯಸ್ಥರು ಮಾತ್ರ ಆ ಮೊತ್ತವನ್ನು ಯಶಸ್ಸಿನ ಲೆಕ್ಕದಲ್ಲಿ ಬರೆದುಕೊಂಡಿದ್ದರು. ಸೋತವನ ಮುಖದಲ್ಲಿ ಅಷ್ಟೊಂದು ನೆಮ್ಮದಿ ಏಕಿತ್ತೆಂದು ಆ ಸಂಭ್ರಮದಲ್ಲಿ ಯಾರಿಗೂ ಕೇಳಬೇಕೆನಿಸಲಿಲ್ಲ. ಮುಂದಿನ ಜನವರಿಯಲ್ಲಿ ಬೋನಸ್ಸು ಅರ್ಧಕ್ಕಿಳಿಯಿತು.

ಕನಿಷ್ಠ ಖರ್ಚೆಂಬ ವ್ರತವನ್ನು ಕುಟುಂಬಗಳು ಆಚರಿಸುವ ಬಗೆಯನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಹೇಳಬೇಕು, ಏಕೆಂದರೆ ಮಹಾಶಯರು ಫಲವನ್ನು ಕೊಡುವವರೇ ಹೊರತು ವ್ರತದ ಕಷ್ಟವನ್ನು ಕಣ್ಣಾರೆ ಕಂಡವರಲ್ಲ. ತಿಂಗಳಿಗೆ 800 ಡಾಲರಿನಲ್ಲಿ ಸಂಸಾರ ತೂಗಿಸುವವರು ಮೂರು ತಿಂಗಳಲ್ಲಿ 4,000 ಡಾಲರ್ ಖರ್ಚು ಮಾಡಿ ತೋರಿಸಬೇಕಾದಾಗ ಆರು ತಿಂಗಳ ವಿಮೆಯನ್ನು ಮುಂಗಡವಾಗಿ ಕಟ್ಟುತ್ತಾರೆ. ಗೆಳೆಯರೊಡನೆ ಹೋಟೆಲಿಗೆ ಹೋದಾಗ ಎಲ್ಲರ ಬಿಲ್ಲನ್ನೂ ತಾವೇ ಕೊಟ್ಟು, ಅವರವರ ಪಾಲನ್ನು ಫೋನಿನಲ್ಲಿ ವಸೂಲು ಮಾಡಿಕೊಂಡು, ಔದಾರ್ಯದ ಹೆಸರನ್ನೂ ಗಳಿಸುತ್ತಾರೆ. ಇನ್ನೂ ಬಾಕಿ ಉಳಿದರೆ ಆದಾಯ ತೆರಿಗೆಯನ್ನೇ ಕಾರ್ಡಿನಿಂದ ಕಟ್ಟುತ್ತಾರೆ. ತೆರಿಗೆಯನ್ನು ಕಾರ್ಡಿನ ಮೂಲಕ ಸ್ವೀಕರಿಸುವ ಮಧ್ಯವರ್ತಿ ಸಂಸ್ಥೆಗಳು ನೂರಕ್ಕೆ ಎರಡು ಡಾಲರಿನ ಆಸುಪಾಸು ಶುಲ್ಕ ಮುರಿದುಕೊಳ್ಳುವುದರಿಂದ, ಸರ್ಕಾರಕ್ಕೆ ದುಡ್ಡು ಕೊಡುವುದಕ್ಕಾಗಿ ಮೇಲೆ ದುಡ್ಡು ಕೊಡುವ, ಅದನ್ನೂ ನಗುನಗುತ್ತ ಕೊಡುವ ತೆರಿಗೆದಾರರ ವರ್ಗವೊಂದು ಮಹಾಶಯರಿಂದಾಗಿಯೇ ಉದಯಿಸಿತೆಂಬುದನ್ನು ಕೃತಜ್ಞತೆಯಿಂದ ಸ್ಮರಿಸಬೇಕು. ಇಷ್ಟೆಲ್ಲ ಮಾಡಿಯೂ ಗಡುವಿನ ಹಿಂದಿನ ರಾತ್ರಿ 60 ಡಾಲರ್ ಕಡಿಮೆ ಬಿದ್ದಿರುವುದು ಗೊತ್ತಾಗಿ, ಮನೆಯಲ್ಲಿ ಎರಡು ಇರುವಾಗಲೇ ಮೂರನೆಯ ಕುಕ್ಕರು ಆರ್ಡರ್ ಆಗುವುದುಂಟು. ಉಳಿತಾಯವೆಂಬ ತಲೆಬರಹದ ಕೆಳಗೆ ಆ ಕುಕ್ಕರನ್ನು ಬರೆದಿಟ್ಟುಕೊಳ್ಳುವ ಗಣಿತ ಬೇರೆಲ್ಲೂ ಸಿಗುವಂಥದ್ದಲ್ಲ.

ಏನನ್ನೂ ಕೊಳ್ಳದೆ ಖರ್ಚನ್ನು ಮಾತ್ರ ಹುಟ್ಟಿಸುವ ವಿದ್ಯೆಗೆ ಈ ಪಂಥದವರು ಉತ್ಪಾದಿತ ಖರ್ಚು ಎನ್ನುತ್ತಾರೆ. ಅದರ ಸುವರ್ಣಯುಗವು ಅಮೆರಿಕದ ಟಂಕಸಾಲೆಯ ಕೃಪೆಯಿಂದ ಪ್ರಾಪ್ತವಾಯಿತು. ಒಂದು ಡಾಲರಿನ ನಾಣ್ಯವನ್ನು ಜನ ಬಳಸುವಂತಾಗಲೆಂದು ಟಂಕಸಾಲೆಯು 2008ರಿಂದ ಆ ನಾಣ್ಯಗಳನ್ನು 250ರ ಪೆಟ್ಟಿಗೆಗಳಲ್ಲಿ, ಮುಖಬೆಲೆಗೇ, ಸಾಗಣೆಯ ವೆಚ್ಚವನ್ನೂ ತಾನೇ ಹೊತ್ತು, ಮನೆಬಾಗಿಲಿಗೆ ಕಳಿಸತೊಡಗಿತು. ಹಣವನ್ನು ಕ್ರೆಡಿಟ್ ಕಾರ್ಡಿನಿಂದ ಕೊಡಬಹುದಾಗಿತ್ತು. ಮುಂದಿನದನ್ನು ವಿವರಿಸುವ ಅಗತ್ಯವಿಲ್ಲವಾದರೂ ವಿವರಿಸುವ ಸುಖವನ್ನು ಬಿಡಲಾಗದು. ಕಾರ್ಡಿನಿಂದ ನಾಣ್ಯ ಕೊಂಡವರು ಪೆಟ್ಟಿಗೆಯನ್ನು ಕಾರಿನ ಡಿಕ್ಕಿಯಲ್ಲಿಟ್ಟು, ನೇರವಾಗಿ ಬ್ಯಾಂಕಿಗೆ ಒಯ್ದು, ಖಾತೆಗೆ ಕಟ್ಟಿ, ಅದೇ ಹಣದಿಂದ ಕಾರ್ಡಿನ ಬಿಲ್ಲನ್ನು ತೀರಿಸಿ, ಮಧ್ಯದಲ್ಲಿ ಉದುರಿದ ಮೈಲಿಗಳನ್ನು ಆರಿಸಿಕೊಂಡರು. ಗತಿಸಿದ ಅಧ್ಯಕ್ಷರ ಮುಖಮುದ್ರೆ ಹೊತ್ತ ನಾಣ್ಯಗಳು ಸರ್ಕಾರದ ಖರ್ಚಿನಲ್ಲಿ ದೇಶಪರ್ಯಟನೆ ಮಾಡಿ, ಒಬ್ಬನ ಜೇಬಿನಲ್ಲೂ ಇಳಿಯದೆ, ಟಂಕಸಾಲೆಯ ಪೊಟ್ಟಣದಲ್ಲಿ ಹಾಗೆಹಾಗೆಯೇ ಬ್ಯಾಂಕಿನ ಗವಾಕ್ಷಿಗೆ ಬಂದು ಕುಳಿತವು. 2011ರ ಜುಲೈಯಲ್ಲಿ ಟಂಕಸಾಲೆಯು ಈ ಯೋಜನೆಗೆ ಕಾರ್ಡನ್ನು ಒಪ್ಪುವುದನ್ನು ನಿಲ್ಲಿಸಿತು. ನಾಣ್ಯದ ಚಲಾವಣೆ ಹೆಚ್ಚಿಸುವುದಷ್ಟೇ ಯೋಜನೆಯ ಉದ್ದೇಶವಾಗಿದ್ದರೆ ಅದು ವಿಫಲವಾಯಿತೆಂದು ಹೇಳುವುದು ಕಷ್ಟ: ನಾಣ್ಯಗಳು ಚಲಿಸಿದ್ದಂತೂ ನಿಜ.

ಇಂಥ ಪ್ರತಿಭೆಯನ್ನು ಕಂಡ ಬ್ಯಾಂಕುಗಳು ಮಹಾಶಯರ ದರ್ಶನಕ್ಕೆ ಕೆಲವು ಕಟ್ಟಳೆಗಳನ್ನು ವಿಧಿಸಿವೆ. ಕಳೆದ 24 ತಿಂಗಳಲ್ಲಿ ಯಾವುದೇ ಬ್ಯಾಂಕಿನಿಂದ ಐದು ಅಥವಾ ಹೆಚ್ಚು ಹೊಸ ಕಾರ್ಡು ಪಡೆದವರಿಗೆ ಚೇಸ್ ಬ್ಯಾಂಕ್ ಸಾಮಾನ್ಯವಾಗಿ ಕಾರ್ಡು ಕೊಡುವುದಿಲ್ಲ. ಪಂಥದವರ ಬಾಯಲ್ಲಿ ಇದು ಐದು-ಇಪ್ಪತ್ತನಾಲ್ಕರ ನಿಯಮ. ಅಮೆರಿಕನ್ ಎಕ್ಸ್‌ಪ್ರೆಸ್ಸಾದರೋ ಒಂದು ಕಾರ್ಡಿನ ಬೋನಸ್ಸು ಜೀವಮಾನದಲ್ಲಿ ಒಂದೇ ಸಲವೆಂದು ಸಾರಿದೆ. ಪುನರ್ಜನ್ಮದಲ್ಲಿ ನಂಬಿಕೆಯಿರುವ ಕನ್ನಡ ಕುಟುಂಬಗಳಿಗೆ ಈ ನಿಯಮ ಉಳಿದವರಿಗೆ ತೋರುವಷ್ಟು ಕಠೋರವಾಗಿ ತೋರಲಾರದು. ಇವುಗಳಿಗೆ ಪರಿಹಾರವಾಗಿ ಪಂಥವು ದಾಂಪತ್ಯವನ್ನು ಕಂಡುಕೊಂಡಿದೆ. ಗಂಡ ಮೊದಲು ಕಾರ್ಡು ಪಡೆದು, ಹೆಂಡತಿಗೆ ಶಿಫಾರಸಿನ ಲಿಂಕ್ ಕಳಿಸಿ, ಅದಕ್ಕೊಂದು ಪ್ರತ್ಯೇಕ ಬೋನಸ್ಸು ಪಡೆಯುತ್ತಾನೆ. ಹೆಂಡತಿಯನ್ನು ಪಂಥದ ಪರಿಭಾಷೆಯಲ್ಲಿ ಪ್ಲೇಯರ್ ಟೂ ಎಂದು ಕರೆಯುತ್ತಾರೆ. ಯಾವ ಕಾರ್ಡು ಯಾರ ಹೆಸರಿನಲ್ಲಿ ಯಾವ ದಿನ ಮಂಜೂರಾಯಿತು, ವಾರ್ಷಿಕ ಶುಲ್ಕ ಯಾವ ದಿನ ಬೀಳುತ್ತದೆ, ರದ್ದು ಮಾಡಲು ಯಾವ ದಿನ ಪ್ರಶಸ್ತ, ಇವೆಲ್ಲವನ್ನೂ ನಮೂದಿಸಿದ ಎಕ್ಸೆಲ್ ಹಾಳೆಯ ಮುಂದೆ ಮದುವೆಯ ವಾರ್ಷಿಕೋತ್ಸವದ ತಾರೀಖು ಮರೆತುಹೋಗುವುದು ಸಹಜವಾದರೂ, ಆ ಹಾಳೆಯನ್ನು ನೋಡಿದ ಯಾವ ಪುರೋಹಿತರೂ ತಮ್ಮ ಪಂಚಾಂಗದ ಬಗ್ಗೆ ಮೊದಲಿನಷ್ಟು ಹೆಮ್ಮೆಪಡಲಾರರು.

ಇನ್ನು, ಬಿನ್ನವತ್ತಳೆಗಳಲ್ಲಿ ದಾನಿಗಳ ಸ್ಮರಣೆ ಮಾಡುವ ಪದ್ಧತಿಯಿದೆ. ಮಹಾಶಯರು ಕೊಡುವ ಮೈಲಿಗಳು ಆಕಾಶದಿಂದ ಉದುರುವುದಿಲ್ಲವಾದ್ದರಿಂದ, ಹೆಸರು ಹೇಳಲಿಚ್ಛಿಸದ ದಾನಿಗಳನ್ನು, ಅಥವಾ ಹೆಚ್ಚು ನಿಖರವಾಗಿ ಹೇಳುವುದಾದರೆ ಹೆಸರು ಕೇಳಿಸಿಕೊಳ್ಳದ ದಾನಿಗಳನ್ನು, ಇಲ್ಲಿ ನೆನೆಯುವುದು ಧರ್ಮ. ಕಾರ್ಡು ಉಜ್ಜಿದಾಗಲೆಲ್ಲ ಅಂಗಡಿಯವನು ನೂರಕ್ಕೆ ಸುಮಾರು ಎರಡು ಡಾಲರನ್ನು ಬಿಟ್ಟುಕೊಡುತ್ತಾನೆ. ಅದರ ಬಹುಪಾಲು ಕಾರ್ಡು ಕೊಟ್ಟ ಬ್ಯಾಂಕಿಗೆ ಸೇರುವ ಇಂಟರ್‌ಚೇಂಜ್ ಶುಲ್ಕ. ಅಂಗಡಿಯವನು ಆ ಹೊರೆಯನ್ನು ಸಾಮಾನಿನ ಬೆಲೆಗೆ ಸೇರಿಸುವುದರಿಂದ, ಕಾರ್ಡೇ ಇಲ್ಲದೆ ನೋಟು ಎಣಿಸಿಕೊಟ್ಟು ಹಾಲು ಕೊಳ್ಳುವವಳೂ ಅದರಲ್ಲಿ ಪಾಲುದಾರಳಾಗುತ್ತಾಳೆ. ಬಾಸ್ಟನ್ನಿನ ಫೆಡರಲ್ ರಿಸರ್ವ್ ಬ್ಯಾಂಕಿನ ಅರ್ಥಶಾಸ್ತ್ರಜ್ಞರು 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನಗದು ಬಳಸುವ ಕುಟುಂಬವೊಂದು ಸರಾಸರಿ ವರ್ಷಕ್ಕೆ 149 ಡಾಲರನ್ನು ಕಾರ್ಡು ಬಳಸುವವರಿಗೆ ಧಾರೆಯೆರೆಯುತ್ತಿತ್ತು, ಕಾರ್ಡು ಬಳಸುವ ಕುಟುಂಬವೊಂದು ಸರಾಸರಿ 1,133 ಡಾಲರ್ ಪಡೆಯುತ್ತಿತ್ತು. ಎರಡನೆಯ ದಾನಿ ಬಿಲ್ಲನ್ನು ಪೂರ್ತಿ ತೀರಿಸಲಾಗದವನು. ಅಮೆರಿಕದ ಕ್ರೆಡಿಟ್ ಕಾರ್ಡ್ ಸಾಲ 2023ರಲ್ಲಿ 1 ಲಕ್ಷ ಕೋಟಿ ಡಾಲರನ್ನು ದಾಟಿತು. ವರ್ಷಕ್ಕೆ ಶೇ 22ರ ಬಡ್ಡಿಯಲ್ಲಿ 4,000 ಡಾಲರ್ ಬಾಕಿ ಉಳಿಸಿಕೊಂಡವನು ತಿಂಗಳಿಗೆ 73 ಡಾಲರನ್ನು ಬಡ್ಡಿಯೊಂದಕ್ಕೇ ತೆರುತ್ತಾನೆ. ಅವನು ಕೂಡ ಒಂದು ಕಾಲದಲ್ಲಿ ಮಹಾಶಯರ ದರ್ಶನಕ್ಕೆಂದೇ ಬಂದವನಿರಬಹುದು. ಮೂರು ತಿಂಗಳ ವ್ರತ ಮುಗಿಸಿ ಹೊರಡುವ ಹೊತ್ತಿಗೆ ಕೆಲಸ ಹೋಗಿರಬಹುದು, ಮನೆಯಲ್ಲಿ ಕಾಯಿಲೆ ಬಿದ್ದಿರಬಹುದು. ಬುದ್ಧಿವಂತರನ್ನು ಕರೆದು ಬಡಿಸುವ ಬ್ಯಾಂಕಿಗೆ ಅವರಲ್ಲಿ ಎಷ್ಟು ಮಂದಿ ಎಡವುತ್ತಾರೆಂಬ ಅಂದಾಜು ಮೊದಲೇ ಇರುತ್ತದೆ. ಎಡವದೆ ಉಳಿದವರಿಗೆ ಬ್ಯಾಂಕನ್ನು ಗೆದ್ದ ಸಂತೋಷವೂ ದೊರೆಯುತ್ತದೆ, ಅದಕ್ಕೆ ಪ್ರತ್ಯೇಕ ಶುಲ್ಕವಿಲ್ಲ.

ವಿಮಾನ ಕಂಪನಿಗಳ ಸಮಾಚಾರವನ್ನು ಮಹಾಶಯರಿಗೆ ತಿಳಿಸುವುದು ಕುಂಬಾರನಿಗೆ ಮಡಕೆ ಮಾರಿದಂತಾದೀತು. ಕಂಪನಿಗಳು ಮೈಲಿಗಳನ್ನು ಬ್ಯಾಂಕುಗಳಿಗೆ ಸಗಟಾಗಿ ಮಾರುತ್ತವೆ; ಅಮೆರಿಕನ್ ಎಕ್ಸ್‌ಪ್ರೆಸ್ ಒಂದರಿಂದಲೇ ಡೆಲ್ಟಾಗೆ 2023ರಲ್ಲಿ 680 ಕೋಟಿ ಡಾಲರಿನಷ್ಟು ಬಂದಿತು. 2020ರಲ್ಲಿ ವಿಮಾನಗಳೆಲ್ಲ ನೆಲಕ್ಕಂಟಿ ನಿಂತಾಗ ಯುನೈಟೆಡ್ 500 ಕೋಟಿ ಡಾಲರ್ ಸಾಲಕ್ಕೆ ತನ್ನ ಮೈಲಿ ಯೋಜನೆಯನ್ನೇ ಅಡವಿಡಲು ಮುಂದಾಯಿತು. ಅದಕ್ಕೆ ಕಂಪನಿಯೇ ಕಟ್ಟಿದ ಬೆಲೆ ಆ ಹೊತ್ತಿನ ಷೇರುಪೇಟೆಯಲ್ಲಿ ಇಡೀ ಕಂಪನಿಗಿದ್ದ ಬೆಲೆಗಿಂತ ಹೆಚ್ಚಾಗಿತ್ತು. ಭಾರತದಲ್ಲಿ ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ ಹಾರಾಟ ನಿಲ್ಲಿಸಿದ ಮೇಲೂ ಅದರ ಮೈಲಿ ಯೋಜನೆ ಇಂಟರ್‌ಮೈಲ್ಸ್ ಎಂಬ ಹೆಸರಿನಲ್ಲಿ ಮುಂದುವರಿದು, ವಿಮಾನವಿಲ್ಲದೆಯೂ ಮೈಲಿ ಬದುಕಬಲ್ಲದೆಂದು ತೋರಿಸಿಕೊಟ್ಟಿತು.

ಹೀಗೆ ಕಂಪನಿಗಳು ಅಡವಿಡಬಲ್ಲ ಆಸ್ತಿಯ ಮೇಲೆ ಸಂಗ್ರಾಹಕನಿಗಿರುವ ಹಕ್ಕು ಮಾತ್ರ ತೆಳುವಾದುದು. ಪದೇ ಪದೇ ದೂರು ಕೊಡುತ್ತಾರೆಂಬ ಕಾರಣಕ್ಕೆ ನಾರ್ತ್‌ವೆಸ್ಟ್ ಏರ್‌ಲೈನ್ಸ್ ತನ್ನ ಯೋಜನೆಯಿಂದ ಹೊರಹಾಕಿದ ಯಹೂದಿ ಧರ್ಮಗುರುವೊಬ್ಬರು ನ್ಯಾಯಾಲಯಕ್ಕೆ ಹೋದಾಗ, ಕಂಪನಿ ಸದ್ಭಾವದಿಂದ ನಡೆದುಕೊಳ್ಳಲಿಲ್ಲವೆಂಬ ಅವರ ವಾದಕ್ಕೆ 1978ರ ವಿಮಾನಯಾನ ವಿನಿಯಂತ್ರಣ ಕಾಯ್ದೆ ಅಡ್ಡಬರುತ್ತದೆಂದು ಅಮೆರಿಕದ ಸುಪ್ರೀಂ ಕೋರ್ಟು 2014ರಲ್ಲಿ ಒಮ್ಮತದಿಂದ ತೀರ್ಪಿತ್ತಿತು. ಅದರ ಮರುವರ್ಷ, ಯಾವ ಊರಿಗೆ ಎಷ್ಟು ಮೈಲಿಯೆಂದು ತಿಳಿಸುವ ಪಟ್ಟಿಯನ್ನು ಡೆಲ್ಟಾ ತೆಗೆದೇಹಾಕಿತು. ಬೇ ಏರಿಯಾದಲ್ಲೋ ನ್ಯೂಜೆರ್ಸಿಯಲ್ಲೋ ಮಗಳ ಬಾಣಂತನಕ್ಕೆ ಬರಬೇಕಾದ ತಾಯಿಗೆ ಬೆಂಗಳೂರಿನಿಂದ ಬಿಸಿನೆಸ್ ಕ್ಲಾಸಿನಲ್ಲಿ ಕಾಲು ಚಾಚಿ ಮಲಗಿ ಬರುವ ಸುಖ ಕೊಡಿಸಬೇಕೆಂದು ಎರಡು ವರ್ಷ ಮೈಲಿ ಕೂಡಿಸಿದ ದಂಪತಿಗಳಿಗೆ ಇದರ ಅರ್ಥ ಬೇಗ ತಿಳಿಯುತ್ತದೆ. ಮೈಲಿಗಳಿದ್ದರೂ ಹೆರಿಗೆಯ ತಿಂಗಳಲ್ಲಿ ಮೈಲಿಗೆ ಕೊಡುವ ಸೀಟುಗಳಿರುವುದಿಲ್ಲ. ಸೀಟು ಸಿಕ್ಕರೆ ಹೋದ ವರ್ಷ ಇದ್ದಷ್ಟು ಮೈಲಿಗೆ ಸಿಗುವುದಿಲ್ಲ. ಅದೂ ಸಿಕ್ಕರೆ ಇಂಗ್ಲಿಷು ಅಷ್ಟಾಗಿ ಬಾರದ ಆ ತಾಯಿ ಫ್ರಾಂಕ್‌ಫರ್ಟಿನಲ್ಲಿ ಒಂಬತ್ತು ಗಂಟೆ ಕಾಯಬೇಕಾಗುತ್ತದೆ. ಕೂಸು ವಿಮಾನ ಕಂಪನಿಯ ಕ್ಯಾಲೆಂಡರ್ ನೋಡಿ ಹುಟ್ಟುವುದನ್ನು ಇನ್ನೂ ಕಲಿತಿಲ್ಲ.

ಆದ್ದರಿಂದ ಸಂಗ್ರಾಹಕ ಕುಟುಂಬಗಳು ಮಹಾಶಯರಲ್ಲಿ ವಿನಮ್ರವಾಗಿ ಬಿನ್ನವಿಸಿಕೊಳ್ಳುವುದೇನೆಂದರೆ, ಮುಂಬರುವ ಅವತಾರಗಳಲ್ಲಿ ಕನಿಷ್ಠ ಖರ್ಚಿನ ಗಡುವನ್ನು ಒಂದು ಕುಕ್ಕರಿನಷ್ಟಾದರೂ ಸಡಿಲಿಸಬೇಕು. ವಾರ್ಷಿಕ ಶುಲ್ಕ ಬಿದ್ದಾಗ ಕಾರ್ಡು ರದ್ದು ಮಾಡಲು ಫೋನು ಮಾಡಿದವರಿಗೆ, ಇನ್ನೊಂದು ವರ್ಷ ಇದ್ದು ಹೋಗಿರೆಂದು ಕೊಡುವ ಮೈಲಿಗಳನ್ನು ಅರ್ಧ ಗಂಟೆಯ ಸಂಗೀತ ಕೇಳಿಸದೆಯೇ ಕೊಡಬೇಕು. ಹೆಸರು ಕೇಳಿಸಿಕೊಳ್ಳದ ದಾನಿಗಳ ವಿಚಾರವನ್ನು ಈ ಬಿನ್ನವತ್ತಳೆಯಲ್ಲಿ ಪ್ರಸ್ತಾಪಿಸಿದ್ದನ್ನು ಅರ್ಜಿದಾರರ ವಿರುದ್ಧ ಪರಿಗಣಿಸಬಾರದು. ಕೆಳಗೆ ಸದ್ಯಕ್ಕೆ ಗಂಡಂದಿರ ಸಹಿಗಳು ಮಾತ್ರ ಇವೆ. ಹೆಂಡತಿಯರ ಸಹಿಗಳು ಬೋನಸ್ಸು ಇನ್ನೊಂದಿಷ್ಟು ಏರಿದ ಮೇಲೆ, ಗಂಡಂದಿರು ಕಳಿಸುವ ಶಿಫಾರಸಿನ ಲಿಂಕಿನ ಮೂಲಕ, ಪ್ರತ್ಯೇಕ ಲಕೋಟೆಯಲ್ಲಿ ಬರಲಿವೆ.