ಓಡುವುದು ಎರಡು ತಿಂಗಳು, ಉಪಚಾರ ಹತ್ತು ತಿಂಗಳು

ಹಿಮದ ಮೇಲೆ ಓಡುವ ಗಾಡಿಯ ನಿಜವಾದ ಭಕ್ತರನ್ನು ನೋಡಬೇಕಾದರೆ ಜನವರಿಯಲ್ಲಿ ಹೋಗಬೇಡಿ. ಜನವರಿಯಲ್ಲಿ ಎಲ್ಲರೂ ಭಕ್ತರೇ. ಮಿನ್ನೆಸೋಟಾಕ್ಕೋ ವಿಸ್ಕಾನ್ಸಿನ್‌ಗೋ ಏಪ್ರಿಲ್ ಕಳೆದು, ಹುಲ್ಲು ಚಿಗುರಿ, ಸೊಳ್ಳೆ ಹುಟ್ಟಿದ ಮೇಲೆ ಹೋಗಿ. ಊರಿಗೆ ಊರೇ ದೋಣಿ ಎಳೆದುಕೊಂಡು ಮೀನು ಹಿಡಿಯಲು ಹೊರಟಿರುತ್ತದೆ. ಒಬ್ಬ ಮಹಾನುಭಾವ ಮಾತ್ರ ಗರಾಜಿನ ಬಾಗಿಲು ಅರ್ಧ ಎತ್ತಿಟ್ಟು, ಐವತ್ತು ವರ್ಷ ಹಳೆಯ ಸ್ನೋಮೊಬೈಲಿನ ಪಕ್ಕ ಮಂಡಿಯೂರಿ, ಅದರ ಹೊಟ್ಟೆಯೊಳಗೆ ಮೊಣಕೈವರೆಗೆ ಕೈ ತೂರಿಸಿ ಏನನ್ನೋ ತಡಕುತ್ತಿರುತ್ತಾನೆ. ಏನು ಕಳೆದುಹೋಯಿತು ಸ್ವಾಮಿ ಅಂತ ಮಾತ್ರ ಕೇಳಬೇಡಿ. ಕೇಳಿದಿರೋ, ಆ ಸಂಜೆ ನಿಮ್ಮ ಕೈ ತಪ್ಪಿಹೋಯಿತು.

ನಮ್ಮ ಪಕ್ಕದ ಮನೆಯ ಯಜಮಾನರು ಈ ಪಂಗಡದವರು. ಹೊಸ ಗಾಡಿ ಕೊಳ್ಳಲು ದುಡ್ಡಿಲ್ಲ ಅಂತಲ್ಲ, ಹೊಸದು ಅವರಿಗೆ ಸಪ್ಪೆ. ಕೀಲಿ ತಿರುಗಿಸಿದ ಕೂಡಲೇ ಹೊರಡುವ ಗಾಡಿಯಲ್ಲಿ ಏನು ಮಜಾ ಇದೆ ಅನ್ನುತ್ತಾರೆ. ಹಗ್ಗ ಎಳೆಯಬೇಕು, ಎಳೆದೂ ಎಳೆದೂ ಭುಜ ಸೋಲಬೇಕು, ಕಾರ್ಬ್ಯುರೇಟರಿಗೆ ಯಥಾಶಕ್ತಿ ಬೈಗುಳ ಬೀಳಬೇಕು. ಅಷ್ಟಾದ ಮೇಲೆ ಅದು ಕೆಮ್ಮಿ, ನೀಲಿ ಹೊಗೆ ಬಿಟ್ಟು ಎದ್ದು ಕೂರಬೇಕು. ಆ ಹೊಗೆಯ ವಾಸನೆ ಮಾತ್ರ ನನಗೆ ಬಾಲ್ಯದಿಂದ ಪರಿಚಯ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ದಿಗಳು ಹಾದುಹೋದ ಬೀದಿಯಲ್ಲಿ ಉಳಿಯುತ್ತಿದ್ದುದೂ ಇದೇ ಪೆಟ್ರೋಲಿನೊಂದಿಗೆ ಸುಟ್ಟ ಆಯಿಲ್ ವಾಸನೆ. ಎರಡೂ ಟೂ-ಸ್ಟ್ರೋಕ್ ಸಂತಾನ. ಇದನ್ನು ಒಮ್ಮೆ ಬಾಯಿತಪ್ಪಿ ಹೇಳಿದ್ದಕ್ಕೇ ನನಗೆ ಆ ಗರಾಜಿನಲ್ಲಿ ಖಾಯಂ ಸ್ಟೂಲು ಸಿಕ್ಕಿದ್ದು.

ಸ್ಟೂಲಿನ ಮೇಲೆ ಕೂತವನಿಗೆ ಮೊದಲು ವಂಶಾವಳಿ ಪಾರಾಯಣ. ವಿಸ್ಕಾನ್ಸಿನ್‌ನ ಸೇನರ್ ಎಂಬ ಹಳ್ಳಿಯಲ್ಲಿ ಕಾರ್ಲ್ ಎಲಿಯಸನ್ 1924ರಲ್ಲಿ ಜಾರುಗಾಡಿಗೆ ಎಂಜಿನ್ ಕೂರಿಸಿದ್ದು. ಕೆನಡಾದ ಕ್ವಿಬೆಕ್‌ನಲ್ಲಿ ಜೋಸೆಫ್-ಆರ್ಮಾಂಡ್ ಬೊಂಬಾರ್ಡಿಯೇ 1937ರಲ್ಲಿ ಹಲ್ಲುಚಕ್ರದಿಂದ ಪಟ್ಟಿ ತಿರುಗಿಸುವ ವ್ಯವಸ್ಥೆಗೆ ಪೇಟೆಂಟ್ ಪಡೆದದ್ದು, 1959ರಲ್ಲಿ ಸ್ಕೀ-ಡೂ ಹೊರತಂದದ್ದು. ಅವರ ಪುಟ್ಟ ಮಗ 1934ರ ಚಳಿಗಾಲದಲ್ಲಿ ಅಪೆಂಡಿಸೈಟಿಸ್‌ಗೆ ತುತ್ತಾಗಿ, ಹಿಮ ಮುಚ್ಚಿದ ದಾರಿಯಲ್ಲಿ ಆಸ್ಪತ್ರೆ ಮುಟ್ಟಲಾಗದೆ ತೀರಿಕೊಂಡಿದ್ದ. ಇದನ್ನು ಹೇಳುವಾಗ ಯಜಮಾನರು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಡುತ್ತಾರೆ. ಆಮೇಲೆ ಮಿನ್ನೆಸೋಟಾದ ರೋಸೋ ಊರಿನ ಹೆಟ್ಟೀನ್ ಸೋದರರು, ಅವರಿಂದ ಪೊಲಾರಿಸ್ ಕಂಪನಿ. ಕಡೆಯಲ್ಲಿ ರಾಲ್ಫ್ ಪ್ಲೇಸ್ಟೆಡ್. ಮಿನ್ನೆಸೋಟಾದ ಇನ್ಶೂರೆನ್ಸ್ ಏಜೆಂಟರಾಗಿದ್ದ ಇವರು 1968ರ ಏಪ್ರಿಲ್‌ನಲ್ಲಿ ಸ್ಕೀ-ಡೂ ಹತ್ತಿ ಉತ್ತರ ಧ್ರುವವನ್ನೇ ಮುಟ್ಟಿದರು. “ಗೊತ್ತಾಯ್ತಾ, ಧ್ರುವ ಮುಟ್ಟಿದ ಗಾಡಿಯ ಕುಲ ಇದು” ಎಂದು ಯಜಮಾನರು ತಮ್ಮ 1970ರ ಸ್ಕೀ-ಡೂ ಒಲಿಂಪಿಕ್ ಗಾಡಿಯ ಹಳದಿ ಬಾನೆಟ್ ಸವರುತ್ತಾರೆ. ಹೌದು, ಕುಲ ದೊಡ್ಡದೇ. ಹೋದ ಚಳಿಗಾಲ ಈ ಕುಲೋದ್ಧಾರಕ ಅವರ ಹಿತ್ತಲಿಗೆ ಸುತ್ತು ಹಾಕಿ, ಅಂಚೆಪೆಟ್ಟಿಗೆಯವರೆಗೆ ಹೋಗಿ, ಅಲ್ಲಿಂದ ತಳ್ಳಿಸಿಕೊಂಡು ವಾಪಸು ಬಂತು.

ಈ ಹಳೆಯ ಗಾಡಿಗಳ ವಿಚಿತ್ರ ಏನೆಂದರೆ, ಓಡಿ ಕೆಡುವುದಕ್ಕಿಂತ ನಿಂತು ಕೆಡುವುದು ಹೆಚ್ಚು. ಆದ್ದರಿಂದ ಚಳಿಗಾಲದಲ್ಲಿ ಯಜಮಾನರಿಗೆ ಪುರುಸೊತ್ತು, ಬೇಸಿಗೆಯಲ್ಲಿ ಬಿಡುವೇ ಇಲ್ಲ.

ಮೊದಲ ವಿಲನ್ ಪೆಟ್ರೋಲ್. ಅಮೆರಿಕದ ಬಂಕುಗಳಲ್ಲಿ ಸಿಗುವ ಮಾಮೂಲಿ ಪೆಟ್ರೋಲಿನಲ್ಲಿ ಶೇ. 10ರಷ್ಟು ಎಥನಾಲ್ ಇರುತ್ತದೆ. ಎಥನಾಲಿಗೆ ನೀರೆಂದರೆ ಪ್ರಾಣ. ಗಾಳಿಯಲ್ಲಿನ ತೇವವನ್ನೂ ಬಿಡದೆ ಹೀರಿಕೊಂಡು ಟ್ಯಾಂಕಿನ ತಳಕ್ಕೆ ಇಳಿದು ಕೂರುತ್ತದೆ. ಹಳೇ ಕಾಲದ ರಬ್ಬರ್ ಪೈಪುಗಳನ್ನು ಮೆತ್ತಗೆ ಮಾಡುತ್ತದೆ. ಇತ್ತ ಕಾರ್ಬ್ಯುರೇಟರಿನಲ್ಲಿ ಉಳಿದ ಪೆಟ್ರೋಲ್ ಆರಿ ಅಂಟಾಗಿ, ಕೂದಲೆಳೆ ತೂರುವಷ್ಟಿರುವ ಹಿತ್ತಾಳೆ ಜೆಟ್ಟಿನ ತೂತನ್ನು ಮುಚ್ಚಿಬಿಡುತ್ತದೆ. ಇದಕ್ಕೆ ಪರಿಹಾರ ಎರಡು: ಟ್ಯಾಂಕು, ಕಾರ್ಬ್ಯುರೇಟರು ಎರಡನ್ನೂ ಪೂರ್ತಿ ಬರಿದು ಮಾಡುವುದು, ಇಲ್ಲವೇ ಪೆಟ್ರೋಲ್ ಕೆಡದಂತೆ ಕಾಯುವ ಸ್ಟೆಬಿಲೈಸರ್ ಸುರಿದು, ಅದು ಕಾರ್ಬ್ಯುರೇಟರಿಗೂ ಇಳಿಯಲೆಂದು ಕೆಲವು ನಿಮಿಷ ಎಂಜಿನ್ ಓಡಿಸುವುದು. ಮಿನ್ನೆಸೋಟಾ ಸರ್ಕಾರಕ್ಕೂ ಈ ಜನರ ಕಷ್ಟ ಅರ್ಥವಾಗಿದೆ. ಹಳೇ ವಾಹನ, ದೋಣಿ, ಸ್ನೋಮೊಬೈಲುಗಳಿಗೆಂದೇ ಎಥನಾಲ್ ಇಲ್ಲದ ಪ್ರೀಮಿಯಂ ಪೆಟ್ರೋಲ್ ಮಾರಲು ಅಲ್ಲಿ ಅನುಮತಿ ಇದೆ, ಪಂಪಿನ ಮೇಲೆ ಚೀಟಿಯೂ ಇರುತ್ತದೆ. ಹಾಗಾಗಿ ದಿನಾ ಆಫೀಸಿಗೆ ಹೊತ್ತೊಯ್ಯುವ ಕಾರಿಗೆ ಅಗ್ಗದ ಪೆಟ್ರೋಲು, ಮಲಗಿರುವ ಗಾಡಿಗೆ ದುಬಾರಿಯದು. ದುಡಿಯುವವರ ಹಣೆಬರಹ ಎಲ್ಲ ದೇಶದಲ್ಲೂ ಒಂದೇ.

ಇನ್ನು ಫಾಗಿಂಗ್. ಈ ಒಂದು ಕ್ರಿಯೆಯನ್ನು ನೋಡಲು ಟಿಕೆಟ್ ಇಟ್ಟರೂ ತಪ್ಪಿಲ್ಲ. ಟೂ-ಸ್ಟ್ರೋಕ್ ಎಂಜಿನ್ನಿಗೆ ಬೇರೆ ಎಣ್ಣೆತೊಟ್ಟಿ ಇಲ್ಲ. ಪೆಟ್ರೋಲಿಗೆ ಬೆರೆಸಿದ ಆಯಿಲ್ಲೇ ಒಳಗಿನ ಬೇರಿಂಗುಗಳಿಗೆ ಸಿಗುವ ಒಂದೇ ಸ್ನಾನ. ಎಂಜಿನ್ ನಿಂತಿತು, ಸ್ನಾನವೂ ನಿಂತಿತು. ಮಳೆಗಾಲದ ತೇವ ಒಳಹೊಕ್ಕರೆ ಕ್ರ್ಯಾಂಕಿನ ಬೇರಿಂಗಿಗೆ ತುಕ್ಕು. ಆದ್ದರಿಂದ ಗಾಡಿಯನ್ನು ಹೊರಗೆ ತಂದು, ಎಂಜಿನ್ ನಿಧಾನಕ್ಕೆ ಓಡುತ್ತಿರುವಾಗಲೇ ಕಾರ್ಬ್ಯುರೇಟರಿನ ಬಾಯಿಗೆ ಫಾಗಿಂಗ್ ಆಯಿಲ್ ಸಿಂಪಡಿಸುತ್ತಾರೆ. ಎಂಜಿನ್ನಿಗೆ ಉಸಿರು ಕಟ್ಟುತ್ತದೆ, ಬೆಳ್ಳಗೆ ದಟ್ಟ ಹೊಗೆ ಏಳುತ್ತದೆ, ಆಚೆ ಮನೆಯ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ. ಹೊಗೆಯ ನಡುವಿನಿಂದ ಯಜಮಾನರ ದನಿ ಮಾತ್ರ ಕೇಳಿಸುತ್ತದೆ: “ಇನ್ನೊಂದು ಸ್ವಲ್ಪ, ಇನ್ನೊಂದು ಸ್ವಲ್ಪ!” ಎಂಜಿನ್ ಮುಗ್ಗರಿಸಿ ನಿಂತ ಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ, ಸಿಲಿಂಡರಿನೊಳಗೂ ಒಂದಿಷ್ಟು ಸಿಂಪಡಿಸಿ, ಹಗ್ಗವನ್ನು ಮೆಲ್ಲಗೆ ಎಳೆದು ಎಣ್ಣೆ ಗೋಡೆಗೆಲ್ಲ ಹರಡುವಂತೆ ಮಾಡಿ ಪ್ಲಗ್ ತಿರುಗಿಸುತ್ತಾರೆ. ಅಲ್ಲಿಗೆ ಶಯನೋತ್ಸವದ ಮುಖ್ಯ ಭಾಗ ಮುಗಿಯಿತು.

“ಇಷ್ಟೆಲ್ಲ ಯಾಕೆ, ತಿಂಗಳಿಗೊಮ್ಮೆ ಸ್ಟಾರ್ಟ್ ಮಾಡಿ ನಿಲ್ಲಿಸಿದರೆ ಸಾಲದೇ?” ಎಂದು ಕೇಳುವ ಜಾಣರು ಪ್ರತಿ ಬೀದಿಯಲ್ಲೂ ಇರುತ್ತಾರೆ. ಸಾಲದು. ಎರಡು ನಿಮಿಷ ಓಡಿ ನಿಂತ ಎಂಜಿನ್ ಪೂರ್ತಿ ಬಿಸಿಯಾಗುವುದಿಲ್ಲ, ಉರಿದದ್ದರಿಂದ ಹುಟ್ಟಿದ ನೀರಾವಿ ಒಳಗೇ ಹನಿಗಟ್ಟುತ್ತದೆ, ಸಿಂಪಡಿಸಿದ ಎಣ್ಣೆಯೂ ಸುಟ್ಟುಹೋಗುತ್ತದೆ. ಮಲಗಿಸಿದ ಮೇಲೆ ಎಬ್ಬಿಸಬಾರದು. ಮಕ್ಕಳಿರುವ ಮನೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಉಳಿದದ್ದನ್ನು ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಯಜಮಾನರು ಹೇಳಿದಷ್ಟು ಹೇಳಿದರೆ ನೀವು ಪುಟ ತಿರುವುತ್ತೀರಿ. ಡ್ರೈವ್ ಬೆಲ್ಟ್ ಬಿಚ್ಚಿಡಬೇಕು, ಇಲ್ಲವಾದರೆ ಕ್ಲಚ್ಚಿನ ಆಕಾರಕ್ಕೇ ಬಾಗಿ ನಿಲ್ಲುತ್ತದೆ. ಕ್ಲಚ್ಚಿಗೆ ಮಾತ್ರ ಎಣ್ಣೆ ಸೋಕಬಾರದು, ಸೋಕಿದರೆ ಬೆಲ್ಟ್ ಜಾರುತ್ತದೆ. ಚೈನ್ ಕೇಸಿನ ಎಣ್ಣೆ ಬೆಳ್ಳಗಾಗಿದ್ದರೆ ನೀರು ಸೇರಿದೆ ಎಂದರ್ಥ, ಚೆಲ್ಲಿ ಹೊಸದು ಹಾಕಬೇಕು. ಗಾಡಿಯ ಹಿಂಭಾಗ ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿ, ರಬ್ಬರ್ ಟ್ರ್ಯಾಕ್ ನೆಲ ಬಿಡುವಂತೆ ಮಾಡಿ, ಬಿಗಿ ಸಡಿಲಿಸಬೇಕು. ಐವತ್ತು ವರ್ಷದ ಟ್ರ್ಯಾಕ್ ಬಿರುಕು ಬಿಟ್ಟರೆ ಸರಿಯಾದ ಬದಲಿ ಹುಡುಕುವುದೇ ದೊಡ್ಡ ತಾಪತ್ರಯ. 1970ರ ದಶಕದ ಮೊದಲಿಗೆ ಉತ್ತರ ಅಮೆರಿಕದಲ್ಲಿ ನೂರಕ್ಕೂ ಹೆಚ್ಚು ಕಂಪನಿಗಳು ಈ ಗಾಡಿ ಮಾಡುತ್ತಿದ್ದವು, ಟ್ರ್ಯಾಕ್ಟರಿನ ಜಾನ್ ಡಿಯರ್ ಕೂಡ. ಈಗ ಉಳಿದಿರುವುದು ಬೆರಳೆಣಿಕೆಯಷ್ಟು. ರಪ್, ಸ್ಕಾರ್ಪಿಯನ್, ಸ್ನೋ-ಜೆಟ್ ಎಂಬ ಹೆಸರಿನ ಗಾಡಿ ಇಟ್ಟುಕೊಂಡವರಿಗೆ ಕಂಪನಿ ಇಲ್ಲ, ಶೋರೂಮಿಲ್ಲ. ಹಳೇ ಸಾಮಾನಿನ ಸಂತೆಯೇ ಗತಿ.

ಗ್ರೀಸ್ ಹಾಕುವುದನ್ನು ಮಾತ್ರ ಹತ್ತಿರ ಕೂತು ನೋಡಬೇಕು. ಟ್ರ್ಯಾಕಿನೊಳಗೆ ಉರುಳುವ ಬೋಗಿ ಚಕ್ರದ ನಿಪ್ಪಲ್ಲಿಗೆ ಗ್ರೀಸ್ ಗನ್ ಕಚ್ಚಿಸಿ ಒತ್ತುತ್ತಾರೆ. ಮೊದಲು ಏನೂ ಆಗುವುದಿಲ್ಲ. ಆಮೇಲೆ ಸಂದಿಯಿಂದ ಒಂದು ಹನಿ ನೀರು ಇಣುಕುತ್ತದೆ. ಅದರ ಹಿಂದೆ ಮಣ್ಣುಬಣ್ಣದ ಹಳೇ ಗ್ರೀಸು, ಕೊನೆಗೆ ಹೊಳೆಯುವ ಹೊಸದು. ಆ ಒಂದು ಹನಿ ನೀರನ್ನು ಯಜಮಾನರು ಬೆರಳಿನ ತುದಿಯಲ್ಲಿ ಹಿಡಿದು, ಕಳ್ಳನನ್ನು ಸ್ಟೇಷನ್ನಿಗೆ ತಂದ ಪೇದೆಯ ಠೀವಿಯಿಂದ ನನಗೆ ತೋರಿಸುತ್ತಾರೆ. ನಾನೂ “ಅಬ್ಬಾ!” ಅನ್ನುತ್ತೇನೆ. ನೆರೆಹೊರೆ ಅಂದಮೇಲೆ ಅಷ್ಟಾದರೂ ಬೇಡವೇ?

ಕೊನೆಯದಾಗಿ ಮತ್ತು ಬಹುಮುಖ್ಯವಾಗಿ, ಇಲಿ. ಈ ಜನ ತುಕ್ಕಿಗೆ ಹೆದರುತ್ತಾರೆ, ಆದರೆ ಕನಸಿನಲ್ಲಿ ಬೆಚ್ಚಿಬೀಳುವುದು ಇಲಿಗೇ. ಸೀಟಿನ ಸ್ಪಂಜು ಕಿತ್ತು, ಎಂಜಿನ್ನಿನ ತಂಪುಗಾಳಿ ಹೋಗುವ ಹಾದಿಯಲ್ಲಿ ಹಾಸಿ, ಮೇಲೆ ಓಕ್ ಕಾಯಿ ಶೇಖರಿಸಿ ಸಂಸಾರ ಹೂಡುತ್ತವೆ. ಇದು ಗೊತ್ತಿಲ್ಲದೆ ಡಿಸೆಂಬರಿನಲ್ಲಿ ಗಾಡಿ ಹೊರಡಿಸಿದರೆ ಗಾಳಿ ಸಾಲದೆ ಎಂಜಿನ್ ಕಾದು ಪಿಸ್ಟನ್ ಹಿಡಿದುಕೊಳ್ಳುತ್ತದೆ. ಆದ್ದರಿಂದ ಗಾಳಿ ಎಳೆಯುವ ಬಾಯಿಗೂ ಹೊಗೆ ಬಿಡುವ ಬಾಯಿಗೂ ಸ್ಟೀಲ್ ನಾರು ತುರುಕಿ, ಹ್ಯಾಂಡಲಿಗೆ ‘ನಾರು ತೆಗೆ’ ಎಂದು ಚೀಟಿ ಕಟ್ಟಬೇಕು. ಚೀಟಿ ಮರೆತರೆ ನಾರಿನ ಎಳೆ ಎಂಜಿನ್ನಿನ ಹೊಟ್ಟೆ ಸೇರುತ್ತದೆ. ಇದರ ಜೊತೆಗೆ ಪೆಪ್ಪರ್‌ಮಿಂಟ್ ಎಣ್ಣೆ, ಬಟ್ಟೆ ಒಣಗಿಸುವ ಯಂತ್ರಕ್ಕೆ ಹಾಕುವ ಪರಿಮಳದ ಹಾಳೆ, ನುಸಿಗುಳಿಗೆ ಎಂದು ನಾನಾ ಮದ್ದುಗಳಿವೆ. ನುಸಿಗುಳಿಗೆ ಇಟ್ಟರೆ ಇಲಿ ಹೋಗುತ್ತದೋ ಇಲ್ಲವೋ, ವಾಸನೆ ಮಾತ್ರ ಮುಂದಿನ ಚಳಿಗಾಲವೂ ಸೀಟು ಬಿಟ್ಟು ಏಳುವುದಿಲ್ಲ. ಪರಿಮಳದ ಹಾಳೆಯ ಮೇಲೇ ಇಲಿ ಮರಿ ಹಾಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇಷ್ಟಾದ ಮೇಲೆ ಹೊದಿಕೆ. ಪ್ಲಾಸ್ಟಿಕ್ ಟಾರ್ಪಾಲು ಕೂಡದು, ಒಳಗೆ ಬೆವರು ಕಟ್ಟುತ್ತದೆ. ಗಾಳಿಯಾಡುವ ಹತ್ತಿ ಬಟ್ಟೆಯೇ ಆಗಬೇಕು. ಯಜಮಾನರ ಮನೆಯ ಒಳ್ಳೆಯ ದುಪ್ಪಟಿಗಳು ಎಲ್ಲಿ ಹೋದವೆಂದು ಅವರ ಹೆಂಡತಿ ನಮ್ಮ ಮನೆಯಲ್ಲಿ ವಿಚಾರಿಸಿದ್ದುಂಟು.

ಇಷ್ಟು ಜೋಪಾನ ಮಾಡಿ 2023ರ ಡಿಸೆಂಬರಿಗೆ ಕಾದು ಕೂತರೆ ಆದದ್ದೇನು? ಮಿನ್ನೆಸೋಟಾದ ದಾಖಲೆಯಲ್ಲೇ ಅತಿ ಬೆಚ್ಚನೆಯ ಚಳಿಗಾಲ ಬಂತು. ಹಿಮವೇ ಇಲ್ಲ. ಜನವರಿಯಲ್ಲಿ ಹುಲ್ಲು ಕಾಣುತ್ತಿತ್ತು. ಪಾಪ, ಮಾತಾಡಿಸಲು ಹೋದೆ. ಯಜಮಾನರು ಹೊದಿಕೆಯ ಒಂದು ತುದಿ ಎತ್ತಿ, ಒಳಗೆ ಇಣುಕಿ, ಮತ್ತೆ ಮುಚ್ಚಿ, “ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ಈಗ ಮತ್ತೆ ಫಾಗಿಂಗ್ ಮಾಡುವ ಕೆಲಸ ಇಲ್ಲ” ಅಂದರು. ಆ ಮುಖದಲ್ಲಿ ದುಃಖಕ್ಕಿಂತ ಸಮಾಧಾನವೇ ಹೆಚ್ಚಿತ್ತೆಂದು ನನ್ನ ಗುಮಾನಿ. ಹಿಮವೇ ಬೇಕೆಂದು ಹಟ ಹಿಡಿಯದ ಜನವೂ ಇದ್ದಾರೆನ್ನಿ. ವಿಸ್ಕಾನ್ಸಿನ್‌ನ ಗ್ರ್ಯಾಂಟ್ಸ್‌ಬರ್ಗಿನಲ್ಲಿ 1977ರಿಂದ ಜುಲೈ ತಿಂಗಳಲ್ಲಿ ನೀರಿನ ಮೇಲೇ ಸ್ನೋಮೊಬೈಲ್ ರೇಸ್ ನಡೆಯುತ್ತದೆ. ವೇಗ ಇಳಿದರೆ ಗಾಡಿ ಮುಳುಗುತ್ತದೆ. ಯಜಮಾನರ ಎದುರು ಆ ಊರಿನ ಹೆಸರೆತ್ತಿದರೆ ಕಿವಿ ಮುಚ್ಚಿಕೊಳ್ಳುತ್ತಾರೆ.

ನಮ್ಮಾಕೆಯ ತಕರಾರು ಬೇರೆ. “ರೀ, ಅಲ್ಲಿ ಕೂತು ಹರಟೆ ಹೊಡೆಯೋದು ಸಾಕು. ಹಿಂಗೇ ತಲೆ ಆಡಿಸ್ತಾ ಇದ್ರೆ ನಾಳೆ ನಮ್ಮ ಗರಾಜಿಗೂ ಒಂದು ಬಂದು ಕೂರುತ್ತೆ” ಎಂದು ಎಚ್ಚರಿಸಿದಳು. ಆಕೆ ಹೇಳಿ ವಾರ ತುಂಬುವ ಮೊದಲೇ ಯಜಮಾನರು ಬೇಲಿಯ ಹತ್ತಿರ ಬಂದು, ನಿಮ್ಮ ಗರಾಜಿನ ಎಡಗಡೆ ಮೂಲೆ ಖಾಲಿ ಇರುವ ಹಾಗಿದೆಯಲ್ಲ, ಒಂದೇ ಒಂದು ಗಾಡಿ, ಬರೀ ಅಕ್ಟೋಬರ್‌ವರೆಗೆ ಎಂದು ರಾಗ ತೆಗೆದರು.

ಆದ್ದರಿಂದ ಈ ಚಳಿಸೀಮೆಗೆ ಹೊಸದಾಗಿ ಬರುವ ಕನ್ನಡ ಬಂಧುಗಳಲ್ಲಿ ಒಂದು ವಿನಂತಿ. ಏಪ್ರಿಲ್ ತಿಂಗಳಲ್ಲಿ ನಿಮ್ಮ ಗರಾಜಿನ ಬಾಗಿಲನ್ನು ಹಾಡಹಗಲೇ ತೆರೆದಿಡಬೇಡಿ. ಖಾಲಿ ಮೂಲೆ ಇದ್ದರೆ ಹಳೇ ಸೂಟ್‌ಕೇಸುಗಳನ್ನು ಪೇರಿಸಿ ತುಂಬಿಸಿಬಿಡಿ. ಅಷ್ಟಾದರೂ ಗಾಡಿ ಬಂದು ಕೂತೇಬಿಟ್ಟರೆ, ಹ್ಯಾಂಡಲಿನ ಚೀಟಿಯನ್ನು ಮಾತ್ರ ಕೀಳಬೇಡಿ.